ಭಾವಮೈದುನ ಬರೆದ ಪ್ಲಗಿನ್

ದರ್ಜಿಯ ವೆಬ್‌ಸೈಟು ಸೋಮವಾರ ಬೆಳಿಗ್ಗೆ ಕೈಕೊಟ್ಟಿತು. ಎದೆ, ಭುಜ, ಸೊಂಟದ ಅಳತೆ ತುಂಬಿದರೆ ಅಂಗಿಯ ಕಟಿಂಗ್ ನಕ್ಷೆ ಬರೆದುಕೊಡುವ ಪುಟ ಅದು. ಮನೆಯಲ್ಲೇ ಹೊಲಿಗೆ ಕಲಿಯುವವರು ಅಲ್ಲಿಂದ ನಕ್ಷೆ ಇಳಿಸಿಕೊಳ್ಳುತ್ತಿದ್ದರು. ಈಗ ನಕ್ಷೆಯ ಜಾಗದಲ್ಲಿ ಬರೀ ಬಿಳಿ ಪರದೆ.

ದರ್ಜಿ ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದ.

"ಸೈಟು ಓಡಿಸೋ ಪಿಎಚ್‌ಪಿನ ಸರ್ವರ್‌ನಲ್ಲಿ ಹೊಸ ವರ್ಷನ್‌ಗೆ ಬದಲಾಯಿಸಿದ್ವಿ ಸಾರ್. ನಕ್ಷೆ ಬರೆಯೋ ನಿಮ್ಮ ಪ್ಲಗಿನ್ ಹಳೇದು, ಇದರಲ್ಲಿ ಓಡಲ್ಲ. ಬರೆದವರನ್ನ ಕೇಳಿ," ಎಂದಳು ಅಲ್ಲಿನ ಹುಡುಗಿ.

ಬರೆದವನು ಭಾವಮೈದುನ. ಹೆಂಡತಿ ಬೇರೆಯಾಗಿ ಹೋದ ಮೇಲೆ, ನಾಲ್ಕು ವರ್ಷದಿಂದ, ಅವನಿಗೂ ದರ್ಜಿಗೂ ಮಾತಿರಲಿಲ್ಲ. ಜಗಳವೇನಲ್ಲ, ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಿರಲಿಲ್ಲ, ಅಷ್ಟೆ. ದರ್ಜಿ ಎರಡು ದಿನ ಮೀನಮೇಷ ಎಣಿಸಿದ. ಆ ಎರಡು ದಿನ ಅವನು ಬಾಯಿಬಿಟ್ಟು ಆಡಿದ ಮಾತೆಂದರೆ, ಜಿಪ್ ಹಾಕಿಸಲು ಬಂದವರೊಬ್ಬರಿಗೆ "ನಾಳೆ ಬನ್ನಿ" ಎಂದದ್ದು. ಬುಧವಾರ ಮಧ್ಯಾಹ್ನ ಧೈರ್ಯ ಮಾಡಿ ನಂಬರ್ ಒತ್ತಿದ.

"ಭಾವಾ?" ಆ ಕಡೆಯವನು ತಕ್ಷಣ ಅಂದ. ನಂಬರ್ ಅಳಿಸಿರಲಿಲ್ಲ.

ವಿಷಯ ಕೇಳಿ ನಕ್ಕ. "ಅದಿನ್ನೂ ಓಡ್ತಿತ್ತಾ? ಕಾಲೇಜಲ್ಲಿದ್ದಾಗ ಬರ್ದಿದ್ದು! ಪಿಎಚ್‌ಪಿ ವರ್ಷನ್ ನಾವೇ ಆರಿಸ್ಕೊಳ್ಳೋಕೆ ಬಿಡೋ ಹೋಸ್ಟಿಂಗ್ ಹುಡುಕಿ ಭಾವ. ಏಳು ಪಾಯಿಂಟ್ ನಾಲ್ಕು ಇದೆಯಾ ಅಂತ ಕೇಳಿ. ಮೊದ್ಲು ಸೈಟಿನ ಒಂದು ಕಾಪಿ ಹಾಕಿ ನೋಡಿ, ಆಮೇಲೆ ಪೂರ್ತಿ ಸಾಗಿಸಿ. ಆದ್ರೆ ಹಳೇದು ಅಷ್ಟು ಭದ್ರ ಅಲ್ಲ, ಎಷ್ಟು ದಿನ ಸಿಗುತ್ತೋ ಅದೂ ಗೊತ್ತಿಲ್ಲ."

"ಬೇರೆ ದಾರಿ?"

"ನಾನೇ ಕೂತು ಹೊಸದಕ್ಕೆ ಹೊಂದೋ ಹಾಗೆ ತಿದ್ದಿ ಕೊಡೋದು. ಆಗ ಎಲ್ಲಿ ಹಾಕಿದ್ರೂ ಓಡುತ್ತೆ. ನನ್ನ ಕೇಳೋ ತಾಪತ್ರಯನೇ ಇರಲ್ಲ."

ದರ್ಜಿ ಕತ್ತರಿಯ ಹಿಡಿ ಸವರುತ್ತ ನಿಂತ. "ನಿಂಗ್ಯಾಕೆ ತೊಂದ್ರೆ? ಹಳೇದೇ ಹುಡುಕ್ತೀನಿ. ಏನಾದ್ರೂ ಕೆಟ್ರೆ ಫೋನ್ ಮಾಡ್ಲಾ?"

"ಮಾಡಿ ಭಾವ." ಫೋನ್ ಇಡುವ ಮುನ್ನ, "ಅಕ್ಕ ಚೆನ್ನಾಗಿದಾಳೆ," ಎಂದ.

ದರ್ಜಿ ಹೂಂ ಅಂದ.

ಮೂರು ಕಂಪನಿಗಳನ್ನು ವಿಚಾರಿಸಿದ. ಮೊದಲನೆಯವರು ಪ್ರಶ್ನೆ ಮುಗಿಯುವ ಮುಂಚೆಯೇ "ಎಲ್ಲಾ ಓಡುತ್ತೆ" ಎಂದುಬಿಟ್ಟರು. ಎರಡನೆಯವರಲ್ಲಿ ಹಳೆಯ ವರ್ಷನ್ ಇರಲಿಲ್ಲ. ಮೂರನೆಯವರು ಹಳೆಯದು ಇದೆ ಎಂದು ಹೇಳಿ, ಪ್ಲಗಿನ್‌ಗೆ ಎಷ್ಟು ಮೆಮೊರಿ ಬೇಕೆಂದು ತಿರುಗಿ ಕೇಳಿದರು. ಅವರನ್ನೇ ಆರಿಸಿಕೊಂಡ. ಕಾಪಿಯಲ್ಲಿ ನಕ್ಷೆಯ ಒಂದು ತೋಳು ಮೂಡದಿದ್ದಾಗ ಮತ್ತೆ ಫೋನ್ ಮಾಡಿದ, ಖುಷಿಯಿಂದಲೇ.

"ಒಂದೇ ಕೈಯಿನ ಅಂಗಿ ಯಾರಿಗೆ ಭಾವ? ಮೆಮೊರಿ ಸಾಲ್ತಿಲ್ಲ, ಜಾಸ್ತಿ ಮಾಡೋಕೆ ಹೇಳಿ."

ಇಬ್ಬರೂ ನಕ್ಕರು. ದಿನಾ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದ ದರ್ಜಿ ಅವತ್ತು ತಟ್ಟೆ ಹಾಕಿಕೊಂಡು ಕೂತು ಊಟ ಮಾಡಿದ.

ತಿಂಗಳ ನಂತರ ಒಂದು ಈಮೇಲ್ ಬಂತು. ಜೊತೆಗೆ ತಿದ್ದಿದ ಪ್ಲಗಿನ್. "ಬಿಡುವು ಸಿಕ್ತು, ಮಾಡಿಬಿಟ್ಟೆ. ಇನ್ನು ನಿಮಗೆ ಚಿಂತೆ ಇಲ್ಲ." ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಬೇಡವೆನ್ನುವುದು ಹೇಗೆ?

ಹಾಕಿ ನೋಡಲು ಅಳತೆ ಬೇಕಿತ್ತು. ಅಂಗಡಿಯಲ್ಲಿ ಬೇರಾರೂ ಇರಲಿಲ್ಲವಾದ್ದರಿಂದ ಟೇಪನ್ನು ತನಗೇ ಸುತ್ತಿಕೊಂಡ. ಸೊಂಟ ಎರಡು ಇಂಚು ಇಳಿದಿತ್ತು. ಅದನ್ನೇ ತುಂಬಿದ. ನಕ್ಷೆ ಒಂದು ತಪ್ಪೂ ಇಲ್ಲದೆ ಮೂಡಿತು. ಅದನ್ನು ಹೇಳಲು ಮಾಡಿದ ಫೋನು ಅರ್ಧ ನಿಮಿಷವೂ ನಡೆಯಲಿಲ್ಲ; ಭಾವಮೈದುನ ಮೀಟಿಂಗಿನಲ್ಲಿದ್ದ.