ಷಡ್ಡಕನಿಗಿಂತ ಒಂದು ಹೆಚ್ಚು

ಹೊಟ್ಟೆಕಿಚ್ಚಿನಿಂದ ಕರೆಂಟು ತೆಗೆಯುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಮಾಡಿದ್ದರೆ ಆ ಬೇಸಿಗೆಯಲ್ಲಿ ನಮ್ಮ ಇಡೀ ಬೀದಿಗೆ ನಾನೊಬ್ಬನೇ ಸಾಕಾಗುತ್ತಿದ್ದೆ.

ನಾನು ಡೀಸೆಲ್ ಜನರೇಟರ್ ರಿಪೇರಿಯವನು. ಒಮ್ಮೆ ಒಂದು ಕೆಟ್ಟ ಜನರೇಟರು ನನ್ನ ಹೆಜ್ಜೆ ಸಪ್ಪಳಕ್ಕೇ ಹೆದರಿ ತಾನಾಗಿ ಚಾಲೂ ಆಗಿತ್ತು. ಎದುರು ಮನೆಯವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕನ್ನಡಕದ ಅಂಗಡಿಯವನು, ಜನ್ಮದಲ್ಲಿ ಒಂದು ಸ್ಪ್ಯಾನರ್ ಹಿಡಿದವನಲ್ಲ. ಅಂಥವನು ತಾರಸಿಯ ಮೇಲೆ ಆರು ಸೋಲಾರ್ ಹಲಗೆ ಹಾಕಿಸಿಬಿಟ್ಟ.

ಆಗ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಬೀದಿಯಲ್ಲಿ ಯಾರಿಗೂ ಕರೆಂಟಿಲ್ಲ, ಅವನೊಬ್ಬನನ್ನು ಬಿಟ್ಟು. ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಒಂದು ದಿನ ಹೊಲಿಗೆ ಮಷೀನನ್ನು ಕೂಸಿನ ಹಾಗೆ ಎತ್ತಿಕೊಂಡು ರಸ್ತೆ ದಾಟಿದಳು.

"ಮನೇಲೇ ಜನರೇಟರ್ ಹಾಕ್ತೀನಲ್ಲೇ!" ಅಂದೆ.

"ಮಸಿ ಹಿಡಿದ ಬಟ್ಟೆ ಯಾರು ಹಾಕ್ಕೋತಾರೆ, ನಿಮ್ಮ ಜನರೇಟರಾ?"

ಆಮೇಲೆ ದಿನವೂ ನಾಲ್ಕರವರೆಗೆ ಎದುರು ಮನೆಯಿಂದ ಅಕ್ಕತಂಗಿಯರ ನಗು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವಳು ಅಷ್ಟು ನಕ್ಕಿದ್ದಿಲ್ಲ. ನಕ್ಕಿದ್ದರೂ ನಾನು ಅಂಗಡಿಯಲ್ಲಿದ್ದಾಗ ನಕ್ಕಿರಬೇಕು.

ಮಷೀನು ಮನೆಗೆ ಬಂದರೆ ನಗು ಅದರ ಹಿಂದೆಯೇ ಬರುತ್ತದೆ ಅಂದುಕೊಂಡು ನಾನೂ ಹಲಗೆ ತರಿಸಿದೆ. ಅವನದು ಆರು, ನನ್ನದು ಏಳು. ಕೂರಿಸಲು ಬಂದವನನ್ನು, "ಇಡೀ ಇಂಜಿನ್ ಬಿಚ್ಚಿ ಜೋಡಿಸೋನಿಗೆ ನಾಲ್ಕು ಬೋಲ್ಟ್ ಹೇಳ್ಕೊಡ್ತೀಯಾ?" ಅಂತ ವಾಪಸ್ ಕಳಿಸಿದೆ. ಷಡ್ಡಕ ಊಟಕ್ಕೆ ಕೂರುವ ಕಿಟಕಿಯಿಂದ ಏಳೂ ಕಾಣಬೇಕು, ತುತ್ತಿಗೊಮ್ಮೆ ಅವನು ಎಣಿಸಬೇಕು. ಹಾಗಾಗಿ ಏಳನ್ನೂ ಆ ಕಿಟಕಿಯ ಕಡೆಗೇ ಬಾಗಿಸಿ ಬಿಗಿದೆ.

ಹೆಂಡತಿ ಮಷೀನು ತಂದು ಸ್ವಿಚ್ ಒತ್ತಿದಳು. ಸೂಜಿ ಒಮ್ಮೆ ಕೆಳಗಿಳಿದು, ಮತ್ತೆ ಮೇಲೇಳುವುದೋ ಬೇಡವೋ ಎಂದು ಯೋಚಿಸುತ್ತ ನಿಂತಿತು.

"ಹೊಸದಲ್ವಾ, ಸೂರ್ಯನ ಪರಿಚಯ ಆಗ್ಬೇಕು," ಅಂದೆ.

ಮರುದಿನ ಅಂಗಡಿಯಿಂದ ಒಂದು ಪುಟ್ಟ ಜನರೇಟರ್ ತಂದು, ಹಿತ್ತಲ ಬಚ್ಚಲಲ್ಲಿಟ್ಟು, ಮೂರು ರಜಾಯಿ ಹೊದಿಸಿ ಗುಟ್ಟಾಗಿ ವೈರು ಎಳೆದೆ. ಮಷೀನು ಕುದುರೆಯಂತೆ ಓಡಿತು. "ಪರವಾಗಿಲ್ವೇ ನೀವು!" ಅಂತ ಅವಳು ನಕ್ಕಳು. ನಾಲ್ಕು ದಿನ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಐದನೆಯ ದಿನ ಬಿಳಿ ಅಂಗಿಯೊಂದನ್ನು ಹಿಡಿದುಕೊಂಡು ಬಂದಳು.

"ರೀ, ಬಿಸಿಲಿಂದ ಮಸಿ ಬರುತ್ತಾ?"

"ಬಿಸಿಲು ಜಾಸ್ತಿಯಾದ್ರೆ ಬರುತ್ತೆ."

"ಮತ್ತೆ ಬಚ್ಚಲು ಯಾಕೆ ಗೊರಕೆ ಹೊಡೀತಿದೆ?"

ನಾನು ಓಡಿಹೋಗಿ ಬಚ್ಚಲಿಗೆ ನಾಲ್ಕನೆಯ ರಜಾಯಿ ಹೊದಿಸುವಷ್ಟರಲ್ಲಿ ಮಷೀನು ಮತ್ತೆ ರಸ್ತೆ ದಾಟಿತ್ತು.

ಸ್ವಲ್ಪ ಹೊತ್ತಿಗೆ ಷಡ್ಡಕನೇ ಬಂದು ನಮ್ಮ ತಾರಸಿ ಹತ್ತಿದ. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದ.

"ಅಣ್ಣಾ, ಇವೆಲ್ಲ ನಮ್ಮನೇನೇ ನೋಡ್ತಿವೆ. ಸೂರ್ಯ ಬೆನ್ನ ಹಿಂದಿದಾನೆ."

"ಗೊತ್ತು."

"ತಿರುಗಿಸಿದ್ರೆ ಎರಡು ಮಷೀನ್ ಓಡುತ್ತೆ. ನಮ್ಮ ಕಿಟಕಿಗೆ ಬರೀ ಬೆನ್ನು ಕಾಣುತ್ತೆ, ಅಷ್ಟೇ."

ಹಾಳಾದವನು ನಗಲೂ ಇಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಎದುರಿನಿಂದ ಅವಳ ನಗು ಕೇಳಿಸಿತು. ಸ್ಪ್ಯಾನರ್ ತಗೊಂಡೆ. ಆರು ತಿರುಗಿಸಿದೆ. ಏಳನೆಯದರ ಹತ್ತಿರ ಕೈ ನಿಂತಿತು.

"ಇದೊಂದು ಹೀಗೇ ಇರ್ಲಾ?"

"ಇರ್ಲಿ ಬಿಡಿ, ಅಣ್ಣ," ಅಂದ.

ಅಂದಿನಿಂದ ಆರು ಸೂರ್ಯನಿಗೆ, ಒಂದು ಷಡ್ಡಕನಿಗೆ. ಮಷೀನು ನಮ್ಮ ಮನೆಯಲ್ಲೇ ಓಡುತ್ತದೆ. ನಾದಿನಿಯೇ ಇಲ್ಲಿಗೆ ಬರುತ್ತಾಳೆ, ನಗು ಈಗ ನಮ್ಮ ಗೋಡೆಗಳೊಳಗೇ. ಭಾನುವಾರ ಷಡ್ಡಕನೂ ನಾನೂ ನಮ್ಮ ನಮ್ಮ ತಾರಸಿ ಹತ್ತಿ ಹಲಗೆಗಳ ಧೂಳು ಒರೆಸುತ್ತೇವೆ. ಎಲ್ಲ ಚೆನ್ನಾಗಿಯೇ ಇತ್ತು, ಮೊನ್ನೆ ಭಾನುವಾರದ ತನಕ.

ಅವನ ಕೈಯಲ್ಲಿ ಒರೆಸಲು ನೀಲಿ ಅಂಚು ಕಟ್ಟಿದ ಹೊಸ ಬಟ್ಟೆ. ಆ ಹೊಲಿಗೆ ನನಗೆ ಗೊತ್ತು.

ನನ್ನ ಕೈಯಲ್ಲಿ ನನ್ನದೇ ಹಳೇ ಬನಿಯನ್.