ಚಿದಂಬರರ ಅವಳಿ ಮಕ್ಕಳು

ಚಿದಂಬರ ಅವರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕಡತ ಬರೆಯುತ್ತಿದ್ದವರು. ಎರಡು ವರ್ಷದ ಹಿಂದೆ, ದೆಹಲಿಯ ಮಯೂರ್ ವಿಹಾರಿನ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತಿದ್ದಾಗ, ಅವರ ಒಂದೇ ಮಗು "ಅಪ್ಪಾ, ನಾನು ಹುಡುಗ ಅಲ್ಲ, ಹುಡುಗಿ" ಎಂದಿತು. ಗಾಬರಿಯಲ್ಲಿ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಬರವಣಿಗೆಯಲ್ಲಿ ಕೊಡು."

ಅವಳು ಕೊಟ್ಟಳು, ಒಂದೂವರೆ ಪುಟ. ಅವರು ಅದನ್ನು ಮೂರು ದಿನ ಓದಿದರು. ನಾಲ್ಕನೆಯ ದಿನ ಅಂಚಿನಲ್ಲಿ "ನೋಡಿದೆ, ಒಪ್ಪಿದೆ" ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತರು. ಅಂದಿನಿಂದ ಧನುಷ್ ಎಂಬ ಹೆಸರು ಹೋಗಿ ಧಾರಿಣಿ ಎಂಬುದು ಬಂತು.

ಧಾರಿಣಿ ಈಗ ಕಾನೂನು ಓದುತ್ತಿದ್ದಳು. ಡಾಕ್ಟರುಗಳು ಶಸ್ತ್ರಚಿಕಿತ್ಸೆಗೆ ಸರಿ ಎಂದಿದ್ದರು. ಹೊಸ ಗುರುತಿನ ಚೀಟಿಯಲ್ಲಿ ಹೆಣ್ಣು ಎಂದಾಗಿತ್ತು. ಖರ್ಚು ಯಾರದು ಎಂಬುದಷ್ಟೇ ಉಳಿದದ್ದು. ಅದಕ್ಕೆ ಎರಡು ಬಾಗಿಲುಗಳಿದ್ದವು: ಚಿದಂಬರರ ಸರ್ಕಾರಿ ಆರೋಗ್ಯ ಕಾರ್ಡು, ಮತ್ತು ಖಾಸಗಿ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುವ ಅವರ ಹೆಂಡತಿ ವೈಜಯಂತಿಯ ಇನ್ಶೂರೆನ್ಸು.

ಇನ್ಶೂರೆನ್ಸ್ ಕಂಪನಿಯವನು ಫೋನಿನಲ್ಲಿ, "ಮೇಡಂ, ಇದು ಸೌಂದರ್ಯ ಚಿಕಿತ್ಸೆ. ಮೂಗು ನೆಟ್ಟಗೆ ಮಾಡಿಸ್ಕೊಂಡ ಹಾಗೆ," ಎಂದ.

"ನನ್ನ ಮಗಳ ಮೂಗು ನೆಟ್ಟಗೇ ಇದೆ," ಎಂದರು ವೈಜಯಂತಿ. "ನಿಮ್ಮ ಮೂಗು ಹೇಗಿದೆ?"

ಅವನು ಮೊದಲು ಸರ್ಕಾರದ ತೀರ್ಮಾನ ತನ್ನಿ ಎಂದ. ಸರ್ಕಾರಿ ಕಚೇರಿಯವರು ಮೊದಲು ಕಂಪನಿಯ ತೀರ್ಮಾನ ತನ್ನಿ ಎಂದರು. ಹೀಗೆ ನಾಲ್ಕು ತಿಂಗಳು ಅಪ್ಪ ಮಗಳು ಮೆಟ್ರೋದಲ್ಲಿ ಅತ್ತಿಂದಿತ್ತ ಓಡಾಡಿದರು.

ಅಷ್ಟರಲ್ಲಿ ಕಾರ್ಡು ನೋಡುವ ಗುಮಾಸ್ತೆ ಸರಳಾ ಹೊಸ ಸಂಗತಿ ಹೇಳಿದಳು. "ಸರ್ ಜೀ, ಮಗನಿಗೆ ಇಪ್ಪತ್ತೈದು ತುಂಬಿದ ದಿನ ಕಾರ್ಡು ಖತಂ. ಇನ್ನು ಆರು ವಾರ ಇದೆ. ಮಗಳಾದ್ರೆ ಮದುವೆ, ಕೆಲಸ ಆಗೋವರೆಗೂ ನಡೆಯುತ್ತೆ."

ಚಿದಂಬರರ ಕಣ್ಣು ಬೆಳಗಿತು. "ಇವಳು ಮಗಳೇ ಅಲ್ಲವೇ! ಮಗ ಅನ್ನೋದನ್ನ ತೆಗೆದು ಮಗಳು ಅಂತ ಮಾಡಿ."

"ತೆಗೀಬೇಕಾದ್ರೆ ಕಾರಣ ಕೇಳುತ್ತೆ." ಸರಳಾ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದಳು. ಮೂರೇ ಕಾರಣಗಳಿದ್ದವು: ನೌಕರಿ, ವಯಸ್ಸು, ಮರಣ. "ಮರಣ ಹಾಕಿದ್ರೆ ಐದು ನಿಮಿಷದ ಕೆಲಸ."

ಚಿದಂಬರರು ಯಾವ ಕೌಂಟರಿನಲ್ಲೂ ದನಿ ಏರಿಸಿದವರಲ್ಲ. ಅಂದು ಏರಿಸಿದರು. "ಯಾರೂ ಸತ್ತಿಲ್ಲ! ಇಲ್ಲೇ ಪಕ್ಕದಲ್ಲಿ ಕೂತು ಸಮೋಸ ತಿಂತಿದ್ದಾಳೆ!"

ಧಾರಿಣಿ ಸಾಕ್ಷಿಯಾಗಿ ಅರ್ಧ ಸಮೋಸ ಎತ್ತಿ ತೋರಿಸಿದಳು.

"ಅರೇ ಸರ್ ಜೀ, ಬೇಜಾರಾಗಬೇಡಿ," ಎನ್ನುತ್ತಾ ಸರಳಾ ಬೇರೆ ದಾರಿ ಹಿಡಿದಳು. ಮಗನ ಹೆಸರನ್ನು ಮುಟ್ಟದೆ, ಧಾರಿಣಿಯನ್ನು ಹೊಸ ಸದಸ್ಯೆಯಾಗಿ ಸೇರಿಸಹೊರಟಳು. ಜನ್ಮದಿನಾಂಕ ಹಾಕುತ್ತಲೇ ಕಂಪ್ಯೂಟರು ತಾನಾಗಿಯೇ ಕೇಳಿತು: ಅವಳಿ ಮಗುವೇ?

"ಹೌದು ಅನ್ನಿ ಸರ್. ಇಲ್ಲ ಅಂದ್ರೆ ಮುಂದೆ ಹೋಗಲ್ಲ."

ಚಿದಂಬರರು ಬೆವೆತರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ರಜೆ ಚೀಟಿಯನ್ನೂ ಕೊಟ್ಟವರಲ್ಲ. ಈಗ ಇಲ್ಲದ ಹೆರಿಗೆಯೊಂದನ್ನು ಹೆಂಡತಿಯ ತಲೆಗೆ ಕಟ್ಟುವುದೇ? "ಷರಾ ಬರೆಯೋಕೆ ಜಾಗ ಇದೆಯಾ?" ಎಂದು ಕೇಳಿದರು.

ಇತ್ತು. ಅವಳಿ ಎಂಬುದಕ್ಕೆ ಹೌದು ಒತ್ತಿಸಿ, ಕೆಳಗಿನ ಆ ಪುಟ್ಟ ಚೌಕದಲ್ಲಿ ಚಿದಂಬರರು ಒಂದು ಬೆರಳಿನಿಂದ, ಕಚೇರಿಯ ಇಂಗ್ಲಿಷಿನಲ್ಲಿ, ತಾವೇ ಟೈಪು ಮಾಡಿದರು. ಧಾರಿಣಿ ಅವರ ಹೆಗಲ ಮೇಲಿಂದ ಬಗ್ಗಿ ಓದಿದಳು. ಅದರ ಅರ್ಥ ಇಷ್ಟು: "ಇವರಿಬ್ಬರೂ ಒಬ್ಬರೇ. ನಮಗೆ ಹುಟ್ಟಿದ್ದು ಮಗಳು. ಮಗ ಎಂದು ಬರೆಸಿದ್ದು ತಂದೆಯ ತಪ್ಪು ತಿಳಿವಳಿಕೆ. ಅದಕ್ಕೆ ತಂದೆ ವಿಷಾದಿಸುತ್ತಾನೆ."

ಧಾರಿಣಿ ಸಮೋಸದ ಎಣ್ಣೆ ಕಾಗದದಿಂದಲೇ ಕಣ್ಣೊರೆಸಿಕೊಂಡಳು. ಖಾರ ತಗುಲಿ ಇನ್ನಷ್ಟು ನೀರು ಬಂತು. "ಅಪ್ಪಾ, ಯೂ ಆರ್ ಟೂ ಮಚ್, ಯಾರ್," ಎಂದಳು.

"ಚೌಕದಲ್ಲಿ ಜಾಗ ಮುಗೀತು. ಇಲ್ಲಾಂದ್ರೆ ಇನ್ನೂ ಬರೀತಿದ್ದೆ," ಎಂದರು ಚಿದಂಬರ.

ಮೂರನೆಯ ದಿನದಿಂದ, ಹೊಸ ಸದಸ್ಯೆ ಎಂದರೆ ಹಸುಗೂಸೆಂದೇ ತಿಳಿದ ಸರ್ಕಾರಿ ಕಂಪ್ಯೂಟರಿನಿಂದ, ವೈಜಯಂತಿಯ ಫೋನಿಗೆ ಸಂದೇಶಗಳ ಸುರಿಮಳೆ. ಹೆರಿಗೆಗೆ ಅಭಿನಂದನೆಗಳು, ಮಗುವಿಗೆ ಎದೆಹಾಲು ತಪ್ಪದೆ ಕೊಡಿ, ಪೋಲಿಯೋ ಹನಿ ಮರೆಯಬೇಡಿ. ಐವತ್ತಾರು ವರ್ಷದ ವೈಜಯಂತಿ ಅದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರು. ಯಾರೋ ಪುಣ್ಯಾತ್ಮರು ಬಾಣಂತಿಗೆಂದು ಅಂಟಿನುಂಡೆಯನ್ನೇ ತಂದುಕೊಟ್ಟರು. ಧಾರಿಣಿಯೇ ಎಲ್ಲವನ್ನೂ ತಿಂದಳು.

ಹೊಸ ಕಾರ್ಡು ಬಂತು. ಚಿಕಿತ್ಸೆಯ ಮಂಜೂರಾತಿಗೆ ಅರ್ಜಿ ಹೋಯಿತು. ತಿರುಗಿ ಬಂದ ಪತ್ರದಲ್ಲಿ ಕಂಪನಿಯ ತೀರ್ಮಾನದ ಮಾತೇ ಇರಲಿಲ್ಲ. ಇದ್ದದ್ದು ಒಂದೇ ಆಕ್ಷೇಪಣೆ: ರೋಗಿಯ ಅವಳಿ ಸಹೋದರ ಶ್ರೀ ಧನುಷ್ ಅವರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ.

"ನಾನೇ ಬರೆದು ಕೊಟ್ಟುಬಿಡ್ಲಾ?" ಎಂದಳು ಧಾರಿಣಿ. "'ಈ ಹುಡುಗಿ ನನಗೆ ಬಹಳ ದಿನದಿಂದ ಪರಿಚಯ. ನನ್ನ ಅಭ್ಯಂತರವಿಲ್ಲ' ಅಂತ."

"ಬೇಡ. ಫೋರ್ಜರಿ ಆಗುತ್ತೆ."

"ನನ್ನದೇ ಸಹಿ ಅಪ್ಪಾ!"

"ಅದೇ ತೊಂದರೆ. ಯಾವ ಸೆಕ್ಷನ್ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ಚಿದಂಬರರು ಕ್ಯಾಲೆಂಡರ್ ನೋಡಿದರು. "ಒಂಬತ್ತು ದಿನ ಸುಮ್ಮನಿರು."

ಒಂಬತ್ತನೆಯ ದಿನ ಧಾರಿಣಿಯ ಹುಟ್ಟುಹಬ್ಬ. ಮೂವರೂ ಶಾವಿಗೆ ಪಾಯಸ ತಿನ್ನುತ್ತಿದ್ದಾಗ ಚಿದಂಬರರ ಫೋನಿಗೆ ಸಂದೇಶ ಬಂತು: ಇಪ್ಪತ್ತೈದು ವರ್ಷ ತುಂಬಿದ್ದರಿಂದ ನಿಮ್ಮ ಮಗನ ಹೆಸರನ್ನು ಕಾರ್ಡಿನಿಂದ ತೆಗೆಯಲಾಗಿದೆ. ಸಹಕಾರಕ್ಕೆ ಧನ್ಯವಾದಗಳು.

"ಪಾಪ, ಒಳ್ಳೆ ಹುಡುಗ," ಎಂದಳು ಧಾರಿಣಿ. ಮರುಕ್ಷಣ ಅವಳಿಗೇ ನಗು ತಡೆಯಲಾಗಲಿಲ್ಲ. ವೈಜಯಂತಿ ಅವಳ ತಲೆಗೆ ಮೆಲ್ಲಗೆ ಮೊಟಕಿ, ಇನ್ನೊಂದು ಸೌಟು ಪಾಯಸ ಬಡಿಸಿದರು.

ಮರುದಿನವೇ ಚಿದಂಬರರು ಉತ್ತರ ಬರೆದರು: ಸದರಿ ಸಹೋದರ ಈಗ ಕಾರ್ಡಿನಲ್ಲಿ ಇಲ್ಲವಾದ್ದರಿಂದ ಅವರ ಒಪ್ಪಿಗೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಎರಡು ವಾರದಲ್ಲಿ ಮಂಜೂರಾತಿ ಬಂತು. ಸರ್ಕಾರವೇ ಇದನ್ನು ಚಿಕಿತ್ಸೆ ಎಂದಮೇಲೆ ಇನ್ಶೂರೆನ್ಸ್ ಕಂಪನಿಯೂ ಬಗ್ಗಿ ಉಳಿದದ್ದನ್ನು ಕಟ್ಟಲು ಒಪ್ಪಿತು.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನ ಕಣ್ಣು ಬಿಟ್ಟ ಧಾರಿಣಿ ತೊದಲುತ್ತಾ, "ಹೋ ಗಯಾ, ಅಪ್ಪಾ?" ಎಂದಳು.

"ಆಯ್ತು ಪುಟ್ಟಿ. ಮಲಗು," ಎಂದರು ಚಿದಂಬರ.

ಅವಳು ಮಲಗಲಿಲ್ಲ. ಮಲಗಿದವರು ಚಿದಂಬರರೇ. ಕುರ್ಚಿಯಲ್ಲಿ ಬಾಯಿ ತೆರೆದು ಎಂಥ ಗೊರಕೆ ಹೊಡೆದರೆಂದರೆ, ಬಂದ ನರ್ಸು ಮೊದಲು ಅವರ ನಾಡಿಯನ್ನೇ ಹಿಡಿದು ನೋಡಿದಳು.