ಹೊಟ್ಟೆಯೊಳಗಿನ ಹೊಟ್ಟೆ

ಭಾನುವಾರ ತಮ್ಮನ ಮನೆಗೆ ಊಟಕ್ಕೆ ಹೊರಡುವ ಮುಂಚೆ ಅವಳು ಮೂರು ಸಲ ಕೈ ತೊಳೆಯುತ್ತಿದ್ದಳು. ಮೊದಲು ಸೋಪು, ಆಮೇಲೆ ನಿಂಬೆಹಣ್ಣಿನ ಸಿಪ್ಪೆ, ಮತ್ತೆ ಸೋಪು. ಆದರೂ ಉಗುರಿನ ಸಂದಿಯಲ್ಲಿ ವಾಸನೆ ಉಳಿದೇ ಇರುತ್ತಿತ್ತು. ತಮ್ಮನ ಮಗಳು ಚಿಕ್ಕವಳಿದ್ದಾಗ, ಅತ್ತೆ ಬಂದರೆ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ ಎನ್ನುತ್ತಿದ್ದಳು. ಈಗ ದೊಡ್ಡವಳಾಗಿದ್ದಾಳೆ, ಹಾಗೆಲ್ಲ ಹೇಳುವುದಿಲ್ಲ. ಎದ್ದು ಹೋಗಿ ಕಿಟಕಿ ತೆರೆಯುತ್ತಾಳೆ, ಅಷ್ಟೆ.

ಕೆಲಸವೇ ಅಂಥದ್ದು. ಬಂದರಿನ ಪಕ್ಕದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಸತ್ತ ಡಾಲ್ಫಿನ್‌ಗಳ ಹೊಟ್ಟೆ ಕೊಯ್ದು, ಅವು ಏನು ತಿಂದಿದ್ದವು ಎಂದು ಪತ್ತೆ ಮಾಡುತ್ತಿದ್ದಳು. ಒಮ್ಮೆ ದಡಕ್ಕೆ ಬಿದ್ದ ತಿಮಿಂಗಿಲವೊಂದರ ಹೊಟ್ಟೆಯನ್ನೂ ಏಣಿ ಹಾಕಿಕೊಂಡು ನೋಡಿದ್ದುಂಟು. ಹೊಟ್ಟೆಯಲ್ಲಿ ಮಾಂಸ ಕರಗಿಹೋಗಿರುತ್ತದೆ. ಕರಗದೆ ಉಳಿಯುವುದು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರದ ಕಲ್ಲು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಜರಡಿಗೆ ಸುರಿದು ನೀರು ಬಿಡಬೇಕು. ತಳದಲ್ಲಿ ಉಳಿದ, ಅಕ್ಕಿನುಚ್ಚಿನಂಥ ಕಲ್ಲುಗಳನ್ನು ಕುಂಚದ ತುದಿಯಿಂದ ಕಪ್ಪು ತಟ್ಟೆಗೆ ಎತ್ತಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಜಾತಿವಾರು ಎಣಿಸಬೇಕು. ಬಂದರಿನ ಗಂಡಸರು ಅವಳಿಗೆ 'ಹೊಟ್ಟೆಯಕ್ಕ' ಎಂದು ಹೆಸರಿಟ್ಟಿದ್ದರು. ಹೊಟ್ಟೆಯಕ್ಕನ ಎದುರು ಉಪವಾಸ ಅಂತ ಸುಳ್ಳು ಹೇಳಬೇಡ, ಕೊಯ್ದು ನೋಡ್ತಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

ಆರು ವರ್ಷದ ಹಿಂದೆ ಅವಳ ಎಣಿಕೆಯಿಂದ ಒಂದು ಅಂಕಿ ಹೊರಬಿದ್ದಿತ್ತು. ಡಾಲ್ಫಿನ್ ತಿನ್ನುವುದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೆಳ್ಳಿಮೀನು. ಬೆಳ್ಳಿಮೀನೆಂದರೆ ಗೇಣುದ್ದವೂ ಇಲ್ಲದ, ಹಿಂಡು ಕಟ್ಟಿಕೊಂಡು ಬರುವ ಮೀನು. ಆ ಬಂದರು ಬದುಕಿದ್ದೇ ಅದರಿಂದ, ಮತ್ತು ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ದೋಣಿಯವರಿಗೆ ಕಳ್ಳ ಸಿಕ್ಕಿಬಿದ್ದಂತಾಯಿತು. ಮೀನುಗಾರರ ಸಂಘದವರು ಅಂಕಿ ಹಿಡಿದುಕೊಂಡು ಸರ್ಕಾರದ ಬಾಗಿಲು ತಟ್ಟಿ, ವರ್ಷಕ್ಕೆ ಐವತ್ತು ಡಾಲ್ಫಿನ್ ಕೊಲ್ಲಲು ಅನುಮತಿ ತಂದರು. ಆ ಸಂಘದ ಅಧ್ಯಕ್ಷ ಅವಳ ತಮ್ಮ.

ನಮ್ಮಕ್ಕನೇ ಎಣಿಸಿದ್ದು ಎಂದು ಅವನು ತುಂಬಿದ ಸಭೆಯಲ್ಲಿ ಹೇಳಿದ್ದನಂತೆ. ಯಾರೋ ಬಂದು ಅದನ್ನು ಹೇಳಿದ ದಿನ ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆಗೆ ಹೋಗಿದ್ದಳು. ಬಹಳ ಹಿಂದೆ, ಗಂಡ ಬಿಟ್ಟುಹೋದ ಮೇಲೆ, ಅವಳು ಎಂಟು ತಿಂಗಳು ತಮ್ಮನ ಮನೆಯಲ್ಲಿದ್ದಳು. ಆಗ ಬಡಿಸುವ ಸೌಟು ತನ್ನ ತಟ್ಟೆಯ ಹತ್ತಿರ ಬಂದಾಗ ಒಂದು ಗಳಿಗೆ ತಡೆಯುವುದನ್ನು ಕಂಡಿದ್ದಳು. ಯಾರೂ ಏನೂ ಅಂದಿರಲಿಲ್ಲ. ಅವಳೇ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊರಟಿದ್ದಳು. ಅಂಕಿ ಬಂದ ಮೇಲೆ ತಮ್ಮ ಭಾನುವಾರದ ಊಟಕ್ಕೆ ಕರೆಯತೊಡಗಿದ. ಉಳಿದ ಆರು ದಿನ ಅವಳು ಪಾತ್ರೆಯಿಂದಲೇ ತೆಗೆದುಕೊಂಡು, ನಿಂತುಕೊಂಡೇ ತಿನ್ನುತ್ತಿದ್ದಳು. ಒಬ್ಬಳಿಗಾಗಿ ತಟ್ಟೆ ಇಟ್ಟುಕೊಂಡು ಕೂರುವುದು ಯಾಕೋ ನಾಟಕದ ಹಾಗೆ ಕಾಣುತ್ತಿತ್ತು.

ಆ ಭಾನುವಾರ ತಮ್ಮ ಊಟದ ನಡುವೆ ವಿಷಯ ತೆಗೆದ. ಆರು ವರ್ಷ ಕೊಂದರೂ ಬೆಳ್ಳಿಮೀನು ಮರಳಿಲ್ಲ, ಅಂದರೆ ಕೊಂದದ್ದು ಸಾಲದು, ಈಗ ನೂರಕ್ಕೆ ಅನುಮತಿ ಕೇಳಿದ್ದೇವೆ ಎಂದ. ಶುಕ್ರವಾರ ಬಹಿರಂಗ ವಿಚಾರಣೆ. ಅಕ್ಕ ಮುಂದಿನ ಸಾಲಿನಲ್ಲಿ ಕೂತಿರಬೇಕು, ಬಾಯಿ ಬಿಡುವುದೂ ಬೇಡ. ಅವನ ಹೆಂಡತಿ, "ಅತ್ತಿಗೆ, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಎಂದು ಕೇಳದೆಯೇ ಬಡಿಸಿದಳು. ಅವಳು ಬರುತ್ತೇನೆಂದು ಒಪ್ಪಿಕೊಂಡಳು.

ಸೋಮವಾರ ಬೆಳಿಗ್ಗೆ ಕೇಂದ್ರಕ್ಕೆ ಒಂದು ಹೆಣ್ಣು ಡಾಲ್ಫಿನ್ ಬಂತು. ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತದ್ದು. ಆಗಷ್ಟೇ ತಿಂದಿತ್ತೋ ಏನೋ, ಹೊಟ್ಟೆಯೊಳಗೆ ಏಳು ಹಲ್ಲುಮೀನು ಹಾಗೆಹಾಗೇ ಇದ್ದವು. ಹಲ್ಲುಮೀನು ಮೊಳದುದ್ದದ, ಬಾಯಿತುಂಬ ಸೂಜಿಯಂಥ ಹಲ್ಲಿರುವ ಮೀನು. ಒಂದರ ಬಾಲ ಹಿಡಿದು ಜರಡಿಯತ್ತ ಎತ್ತಿದಾಗ ಅದರ ಹೊಟ್ಟೆಯ ಚರ್ಮ ಬಿರಿಯಿತು. ಒಳಗಿಂದ ಬೆಳ್ಳಿಮೀನುಗಳು ಒಂದರ ಹಿಂದೊಂದು ಜಾರಿ ಮೇಜಿನ ಮೇಲೆ ಬಿದ್ದವು. ಒಂಬತ್ತು.

ಅವಳು ಉಳಿದ ಆರನ್ನೂ ಕೊಯ್ದಳು. ಎಲ್ಲದರೊಳಗೂ ಬೆಳ್ಳಿಮೀನು. ಕೆಲವು ಇಡಿಯಾಗಿ, ಕೆಲವು ಬರೀ ತಲೆ. ಹಲ್ಲುಮೀನಿನ ಹೊಟ್ಟೆಯ ಹೊರಗೆ, ಡಾಲ್ಫಿನ್ನಿನ ಹೊಟ್ಟೆಯಲ್ಲಿ ನೇರವಾಗಿ, ಎಷ್ಟು ಹುಡುಕಿದರೂ ಒಂದೇ ಒಂದು ಬೆಳ್ಳಿಮೀನು ಸಿಗಲಿಲ್ಲ.

ಕೈಗವಸು ತೆಗೆಯದೆ ಅವಳು ಹಾಗೇ ಕೂತಳು. ಇದು ಇನ್ನು ಆರು ತಾಸು ತಡವಾಗಿ ಸತ್ತಿದ್ದರೆ ಹಲ್ಲುಮೀನುಗಳು ಕರಗುತ್ತಿದ್ದವು. ಅವುಗಳ ಹೊಟ್ಟೆಯಲ್ಲಿದ್ದ ಸಣ್ಣ ಕಲ್ಲುಗಳೆಲ್ಲ ಡಾಲ್ಫಿನ್ನಿನ ಹೊಟ್ಟೆಗೆ ಬೀಳುತ್ತಿದ್ದವು. ತಾನು ಎಲ್ಲವನ್ನೂ ಒಂದೇ ಜರಡಿಗೆ ಸುರಿಯುತ್ತಿದ್ದೆ. ಹಲ್ಲುಮೀನು ತಿಂದದ್ದನ್ನೆಲ್ಲ ಡಾಲ್ಫಿನ್ನಿನ ಹೆಸರಿಗೆ ಬರೆಯುತ್ತಿದ್ದೆ. ಇಪ್ಪತ್ತಾರು ವರ್ಷ ಹಾಗೆಯೇ ಸುರಿದಿದ್ದೆ.

ಹಳೆಯ ಕಲ್ಲುಗಳೆಲ್ಲ ಕಪಾಟಿನಲ್ಲಿ ಪುಟ್ಟ ಗಾಜಿನ ಸೀಸೆಗಳಲ್ಲಿದ್ದವು, ಒಂದು ಡಾಲ್ಫಿನ್ನಿಗೆ ಒಂದು ಸೀಸೆ. ಮೂರು ದಿನ ಅವಳು ಅವನ್ನೇ ತೆಗೆದು ಮತ್ತೆ ಎಣಿಸಿದಳು. ಹಲ್ಲುಮೀನಿನ ದೊಡ್ಡ ಕಲ್ಲು ಇದ್ದ ಸೀಸೆಯಲ್ಲೆಲ್ಲ ಬೆಳ್ಳಿಮೀನಿನ ಕಲ್ಲು ರಾಶಿರಾಶಿ. ದೊಡ್ಡ ಕಲ್ಲಿಲ್ಲದ ಸೀಸೆಗಳಲ್ಲಿ ಒಂದೋ ಎರಡೋ, ಇಲ್ಲವೇ ಏನೂ ಇಲ್ಲ. ಕೆಲಸ ಕಲಿಸಿದ ಹಳೆಯ ಮೇಷ್ಟರು, ಕಡಲಲ್ಲಿ ಯಾರು ಯಾರನ್ನು ತಿಂದರು ಅಂತಷ್ಟೇ ಕೇಳಬೇಡಮ್ಮ, ಅವರು ತಿನ್ನದೆ ಇದ್ದಿದ್ದರೆ ಏನಾಗುತ್ತಿತ್ತು ಅಂತಲೂ ಕೇಳು ಎನ್ನುತ್ತಿದ್ದರು. ಆ ವಯಸ್ಸಿನಲ್ಲಿ ಅವಳಿಗೆ ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸಿತ್ತು. ಈಗ ಉತ್ತರ ಕಣ್ಣೆದುರಿಗೇ ಇತ್ತು. ಆರು ವರ್ಷದಲ್ಲಿ ಮುನ್ನೂರು ಡಾಲ್ಫಿನ್ ಹೋಗಿದ್ದವು. ಅವು ತಿನ್ನಬೇಕಿದ್ದ ಹಲ್ಲುಮೀನು ಉಳಿದಿತ್ತು, ಮೊಟ್ಟೆಯಿಟ್ಟು ಹೆಚ್ಚಿತ್ತು, ಬೆಳ್ಳಿಮೀನನ್ನು ತಿನ್ನುತ್ತಿತ್ತು.

ಬುಧವಾರ ಸಂಜೆ ಅವಳು ನಿರ್ದೇಶಕರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ಇದರಲ್ಲಿ ನಿಮ್ಮದೇನು ತಪ್ಪಿದೆ, ನಾವೆಲ್ಲ ಹೀಗೇ ಎಣಿಸುತ್ತಿದ್ದೆವು ಎಂದರು. ಮುಂದಿನ ವರದಿಯಲ್ಲಿ ಹೊಸ ವಿಧಾನ ಎಂದು ಸೇರಿಸೋಣ, ಹಳೆಯದು ತಪ್ಪು ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ. ಮುಂದಿನ ವರದಿ ಯಾವಾಗ ಎಂದು ಅವಳು ಕೇಳಿದಳು. ಎರಡು ವರ್ಷ ಹಿಡಿಯುತ್ತದೆ ಎಂದರು. ಅವಳು ಮನಸ್ಸಿನಲ್ಲೇ ನೂರನ್ನು ಎರಡರಿಂದ ಗುಣಿಸಿದಳು.

ಗುರುವಾರ ಮಧ್ಯಾಹ್ನ ಬಂದರಿನ ಬಲೆಮನೆಗೆ ಹೋದಾಗ ತಮ್ಮ ನೆಲದ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದ. ಅವಳು ನಿಂತೇ ಹೇಳಿದಳು, ಒಂದೂ ಬಿಡದೆ. ಅವನ ಕೈ ನಿಲ್ಲಲಿಲ್ಲ.

"ಇದು ನೋಡು," ಎಂದು ಅವನು ಬಲೆಯ ತೂತನ್ನು ಎತ್ತಿ ಹಿಡಿದ. ಅದರೊಳಗೆ ಒಂದು ಬಾಗಿಲು ಹೋಗುವಷ್ಟು ಜಾಗವಿತ್ತು. "ಇದು ಹರಿದಿದ್ದು ಡಾಲ್ಫಿನ್ನೋ, ಅದೂ ನಿನ್ನ ಎಣಿಕೆ ತಪ್ಪೋ?"

"ಡಾಲ್ಫಿನ್ನೇ ಹರಿದಿದ್ದು. ಇಲ್ಲ ಅನ್ನಲ್ಲ."

"ಐದು ದೋಣಿ ದಡದಲ್ಲಿ ಒಣಗ್ತಿವೆ. ನನ್ನ ಜೊತೆ ಹುಟ್ಟು ಹಾಕಿದವರು ಈಗ ಪೇಟೇಲಿ ಮೂಟೆ ಹೊರ್ತಿದಾರೆ. ಅವರಿಗೆ ಆರು ವರ್ಷದಿಂದ ಒಂದೇ ಮಾತು ಹೇಳ್ಕೊಂಡು ಬಂದಿದೀನಿ. ಅದು ನೀನು ಕೊಟ್ಟ ಮಾತು, ಅಕ್ಕ."

"ಅದಕ್ಕೇ ಬಂದೆ. ನಾಳೆ ನಾನು ಬೇರೆ ಮಾತು ಹೇಳಬೇಕು. ಅಲ್ಲಿ ಮೊದಲ ಸಲ ಕೇಳೋ ಹಾಗೆ ಆಗಬಾರದು ನಿಂಗೆ."

ಅವನು ಆಗ ತಲೆ ಎತ್ತಿದ. "ಮನೆಯವರಾಗಿ ಹೇಳ್ತೀನಿ. ನಾಳೆ ಜ್ವರ ಅಂತ ಮಲ್ಕೋ. ಯಾರೂ ಏನೂ ಕೇಳಲ್ಲ. ಭಾನುವಾರ ಎಂದಿನ ಹಾಗೆ ಊಟಕ್ಕೆ ಬಾ."

ಅವಳು ಹೊರಟಳು. ಅವನು ಬೆದರಿಸಿರಲಿಲ್ಲ, ಗದರಿಸಿಯೂ ಇರಲಿಲ್ಲ. ಹಾಗೆ ಮಾಡಿದ್ದರೆ ಸುಲಭವಾಗುತ್ತಿತ್ತು. ಕೋಣೆಗೆ ಬಂದು ಹಣೆ ಮುಟ್ಟಿ ನೋಡಿಕೊಂಡಳು. ನಿಜಕ್ಕೂ ಜ್ವರ ಬಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನ್ನಿಸಿ ತನ್ನ ಮೇಲೆ ತನಗೇ ನಗು ಬಂತು.

ವಿಚಾರಣೆ ನಡೆದದ್ದು ಶಾಲೆಯೊಂದರ ಸಭಾಂಗಣದಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದರು. ಅವಳಿಗೆಂದು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅವಳು ಅದರಲ್ಲಿ ಕೂರದೆ, ಗೋಡೆಯ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತ ನಿಂತಳು. ಕರೆದಾಗ ಹೋಗಿ, ಬರೆದುಕೊಂಡು ಬಂದಿದ್ದ ಒಂದೂವರೆ ಪುಟ ಓದಿದಳು. ಹೊಟ್ಟೆಯೊಳಗಿನ ಹೊಟ್ಟೆಯ ವಿಷಯ, ಸೀಸೆಗಳ ವಿಷಯ, ಎಪ್ಪತ್ತಲ್ಲ, ಹತ್ತೂ ದಾಟುವುದಿಲ್ಲ ಎನ್ನುವ ವಿಷಯ. ಹಿಂದಿನಿಂದ ಯಾರೋ, ಹೊಟ್ಟೆಯಕ್ಕನಿಗೆ ಅಜೀರ್ಣವಾಗಿದೆ ಎಂದರು. ಒಂದಷ್ಟು ಜನ ನಕ್ಕರು. ತಮ್ಮ ನಗಲಿಲ್ಲ. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ವಿಚಾರಣೆಗೆ ಬಂದಿದ್ದ ಅಧಿಕಾರಿ, ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವಳು, ಎಲ್ಲ ಬರೆದುಕೊಂಡು, ಇದು ದೋಣಿಯವರಿಗೂ ಅರ್ಥವಾಗುವ ಹಾಗೆ ಹೇಳಿ ಎಂದಳು. ಅವಳು ಹೇಗೆ ಹೇಳುವುದೆಂದು ತಡಕಾಡುತ್ತಿರುವಾಗ ಕಿಟಕಿಯ ಹತ್ತಿರ ಕೂತಿದ್ದ ಮುದುಕ, ಈಗ ದೋಣಿ ಕೆಲಸ ಬಿಟ್ಟವನು, ಕೂತಲ್ಲಿಂದಲೇ ಮಾತಾಡಿದ.

"ಅದರಲ್ಲೇನಿದೆ ಅರ್ಥ ಆಗದೆ ಇರೋದು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತು, ಅಷ್ಟೇ ತಾನೆ?"

"ಹೌದು ಅಜ್ಜ," ಎಂದಳು ಅವಳು. "ಆದರೆ ಪಾಪ, ಹಲ್ಲುಮೀನಿಗೆ ಒರೆಸೋಕೆ ಬರಲ್ಲ. ಒರೆಸಿದ ಕೈ ನನ್ನದು."

ಮುನ್ನೂರು ಎನ್ನುವ ಸಂಖ್ಯೆಯನ್ನೂ ಹೇಳಬೇಕೆಂದಿದ್ದಳು. ಹೇಳಲಾಗದೆ ಹಾಳೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಬಂದುಬಿಟ್ಟಳು.

ತೀರ್ಮಾನ ಮುಂದಕ್ಕೆ ಹೋಯಿತು. ಮತ್ತೆ ಪರಿಶೀಲಿಸುವವರೆಗೆ ನೂರೂ ಇಲ್ಲ, ಐವತ್ತೂ ಇಲ್ಲ. ಬಂದರಿನ ದಾರಿಯಲ್ಲಿ ಅವಳನ್ನು ಕಂಡರೆ ಜನ ಮಾತು ನಿಲ್ಲಿಸತೊಡಗಿದರು. ಯಾರೂ ಹೊಟ್ಟೆಯಕ್ಕ ಎನ್ನುತ್ತಿರಲಿಲ್ಲ. ಆ ಹೆಸರು ತನಗೆ ಇಷ್ಟವಿತ್ತೆಂದು ಅದು ಹೋದ ಮೇಲೆ ತಿಳಿಯಿತು. ಮೊದಲ ಭಾನುವಾರ ಅಭ್ಯಾಸಬಲದಿಂದ ಸೀರೆ ಬದಲಿಸಿ, ಬಾಗಿಲ ತನಕ ಹೋಗಿ, ಮತ್ತೆ ಒಳಗೆ ಬಂದು ಕೂತಳು. ಎರಡನೆಯ ಭಾನುವಾರ ಬದಲಿಸಲಿಲ್ಲ. ಮಧ್ಯಾಹ್ನವೆಂಬುದು ಅಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎದುರು ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದನ್ನು ಕೇಳುತ್ತ, ಎಷ್ಟು ಜನ ಉಂಡಿರಬಹುದೆಂದು ಲೆಕ್ಕ ಹಾಕುತ್ತಿದ್ದಳು.

ನಾಲ್ಕು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಅವಳು ಕೇಂದ್ರದಲ್ಲಿ ಮೇಜು ಒರೆಸುತ್ತಿದ್ದಾಗ ತಮ್ಮ ಬಾಗಿಲಲ್ಲಿ ನಿಂತಿದ್ದ. ಈ ಇಪ್ಪತ್ತಾರು ವರ್ಷದಲ್ಲಿ ಅವನು ಒಮ್ಮೆಯೂ ಇಲ್ಲಿಗೆ ಬಂದವನಲ್ಲ. ಕಾಲಿನ ಪಕ್ಕದಲ್ಲಿ ಒಂದು ಬುಟ್ಟಿ ಹಲ್ಲುಮೀನು. ರಾತ್ರಿಯ ಬಲೆಯಲ್ಲಿ ಬಂದದ್ದು ಎಂದ. ಅವಳ ಮುಖ ನೋಡಲಿಲ್ಲ, ಅಕ್ಕ ಎಂದೂ ಕರೆಯಲಿಲ್ಲ. ಒಳಗೆ ಬಂದು ಮೇಜಿನ ಮೇಲಿದ್ದ ಸಣ್ಣ ಚಾಕುಗಳನ್ನು ನೋಡಿ ಮೂಗು ಮುರಿದು, ಸೊಂಟದಿಂದ ತನ್ನದೇ ಚೂರಿ ತೆಗೆದ.

ಅವಳು ಸರಿದು ನಿಂತಳು. ಅವನು ಒಂದೊಂದೇ ಮೀನನ್ನು ಎತ್ತಿ, ಗಂಟಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಸೀಳುತ್ತಿದ್ದ. ಅವಳಿಗೆ ಆ ಕೈಚಳಕ ಎಂದೂ ಬಂದಿರಲಿಲ್ಲ. ಮೊದಲನೆಯದರಲ್ಲಿ ಆರು ಬೆಳ್ಳಿಮೀನು. ಎರಡನೆಯದರಲ್ಲಿ ಹನ್ನೊಂದು. ಮೂರನೆಯದು ಖಾಲಿ. ಅವನು ಅದನ್ನು ಎರಡು ಸಲ ಬಿಡಿಸಿ ನೋಡಿದ. ನಾಲ್ಕನೆಯದರಲ್ಲಿ ಎಂಟು. ಹತ್ತು ಮೀನು ಮುಗಿಯುವ ಹೊತ್ತಿಗೆ ಮೇಜಿನ ತುಂಬ ಬೆಳ್ಳಿಮೀನಾಗಿತ್ತು, ಅವನ ದೋಣಿ ಒಂದು ವಾರದಿಂದ ಕಾಣದಷ್ಟು. ಅವನು ಅವುಗಳ ಮೇಲೆ ಕೈಯಿಟ್ಟು ನಿಂತ. ಅವಳು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಳು.

"ಬರ್ಕೊಂಡ್ಯಾ?" ಎಂದು ಅವನು ಕೇಳಿದ.

"ಹ್ಞೂಂ."

"ಖಾಲಿ ಇದ್ದದ್ದನ್ನೂ?"

"ಅದನ್ನೂ."

ಅವನು ಚೂರಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಬಾಗಿಲ ತನಕ ಹೋದವನು ಅಲ್ಲೇ ನಿಂತ.

"ದೋಣೀಲಿ ಇನ್ನೂ ಎರಡು ಬುಟ್ಟಿ ಇದೆ," ಎಂದ. "ತರ್ತೀನಿ. ಅಷ್ಟರಲ್ಲಿ ಮೇಜು ಖಾಲಿ ಮಾಡಿಟ್ಟಿರು, ಅಕ್ಕ."